2018ರ ಘಾನಾ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಟೂರ್ನಿ ಗೆದ್ದವರು ಯಾರು?

ಯಾರೂ ಇಲ್ಲ. ಆ ಸೀಸನ್ ಅರ್ಧಕ್ಕೇ ನಿಂತುಹೋಯಿತು.

ಆಗಿದ್ದಿಷ್ಟು: ಜೂನ್‌ನಲ್ಲಿ ಪತ್ರಕರ್ತ ಅನಾಸ್ ಅರೆಮೆಯಾವ್ ಅನಾಸ್ ಅವರ ತಂಡ ಗುಟ್ಟಾಗಿ ಚಿತ್ರೀಕರಿಸಿದ ವಿಡಿಯೋ ಹೊರಬಂತು, ಅದರಲ್ಲಿ ರೆಫರಿಗಳು, ಅಧಿಕಾರಿಗಳು, ಕೊನೆಗೆ ಘಾನಾ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಕ್ವೆಸಿ ನ್ಯಾಂಟಾಕ್ಯಿ ಕೂಡ ದುಡ್ಡು ತಗೊಳ್ಳೋದು ಕಾಣಿಸಿತು. ನ್ಯಾಂಟಾಕ್ಯಿ ರಾಜೀನಾಮೆ ಕೊಟ್ಟರು. ಸರ್ಕಾರ ಸಂಸ್ಥೆಯನ್ನೇ ವಿಸರ್ಜಿಸಲು ಹೊರಟಿತು, ಲೀಗ್ ನಿಂತಿತು, ಆಮೇಲೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಒಂದು ತಾತ್ಕಾಲಿಕ ಸಮಿತಿ ಕೂರಿಸಿತು. ನ್ಯಾಂಟಾಕ್ಯಿಗೆ ಫಿಫಾ ಜೀವನಪರ್ಯಂತ ನಿಷೇಧ ಹಾಕಿತ್ತು, 2020ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು 15 ವರ್ಷಕ್ಕೆ ಇಳಿಸಿತು.

ಪಾಪ, ಪೆಟ್ಟು ಬಿದ್ದಿದ್ದು ಆಟಗಾರರಿಗೇ ಜಾಸ್ತಿ. ತಿಂಗಳುಗಟ್ಟಲೆ ಪಂದ್ಯವೇ ಇಲ್ಲ ಅಂದ್ರೆ ಕ್ಲಬ್‌ಗೆ ಟಿಕೆಟ್ ದುಡ್ಡು ಎಲ್ಲಿಂದ ಬರಬೇಕು, ಆಟಗಾರರಿಗೆ ಸಂಬಳ ಎಲ್ಲಿಂದ ಕೊಡಬೇಕು?

2019ರಲ್ಲಿ ಲೀಗ್ ಬದಲು ಒಂದು ವಿಶೇಷ ಟೂರ್ನಿ ನಡೆಸಿದರು, ಅದನ್ನು ಕುಮಾಸಿ ನಗರದ ಅಸಾಂಟೆ ಕೊಟೊಕೊ ಕ್ಲಬ್ ಗೆದ್ದಿತು.