ಫೋರ್ ವೀಲ್ ಲಿವರ್‌ನ ಬೇಸಿಗೆಯಲ್ಲೂ ಹಾಕಬೇಕಾ?

ಆಲ್ದೂರಿನ ಹತ್ತಿರದ ತೋಟಕ್ಕೆ ಹಳೇ ಫೋರ್ ಬೈ ಫೋರ್ ಪಿಕಪ್ ತಗೊಂಡಿದ್ದೀರಿ. ಆರು ತಿಂಗಳಿಂದ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಲಿವರ್, ಹಾಕಿಯೇ ಇಲ್ಲ. ಹಾಗೇ ಬಿಟ್ಟರೆ ಹಾಳಾಗುತ್ತದಾ, ಆಗಾಗ ಹಾಕಬೇಕಾ, ಹಾಕಿದರೆ ಟಾರ್ ರೋಡಲ್ಲಿ ಓಡಿಸಬಹುದಾ ಅಂತ ಕೇಳಿದ್ದೀರಿ.

ಹಾಕಲೇಬೇಕು. ತಿಂಗಳಿಗೆ ಒಂದು ಸಲ ಹಾಕಿ, ಹದಿನಾರು ಕಿಲೋಮೀಟರ್ ಓಡಿಸಿ. ಟೊಯೋಟಾದವರು ತಮ್ಮ ಕೆಲವು ಗಾಡಿಗಳ ಪುಸ್ತಕದಲ್ಲಿ ತಿಂಗಳಿಗೆ ಕನಿಷ್ಠ 16 ಕಿಲೋಮೀಟರ್ ಅಂತಲೇ ಬರೆದಿದ್ದಾರೆ. ಆದರೆ ಓಡಿಸಬೇಕಾದದ್ದು ಮಣ್ಣು ರಸ್ತೆಯಲ್ಲಿ, ಟಾರ್ ಮೇಲೆ ಅಲ್ಲ.

ನಮ್ಮ ತೋಟ ಇರುವುದು ಸಕಲೇಶಪುರದ ಕಡೆ. ಒಂದು ವರ್ಷ ನವೆಂಬರ್‌ನಲ್ಲಿ ಕೊಯ್ಲು ಶುರುವಾದ ಮೇಲೆ ನಾನು ಆ ಲಿವರ್ ಮುಟ್ಟಿರಲಿಲ್ಲ. ನೆಲ ಒಣಗಿತ್ತು, ಬೇಕಾಗಲೂ ಇಲ್ಲ. ಜೂನ್ ಮೊದಲ ವಾರ ಗೊಬ್ಬರದ ಮೂಟೆ ತುಂಬಿಕೊಂಡು ಹಳ್ಳ ದಾಟಿ ಏರು ಹತ್ತುವಾಗ ಹಿಂದಿನ ಚಕ್ರ ನಿಂತಲ್ಲೇ ಸುತ್ತತೊಡಗಿತು. ಲಿವರ್ ಎಳೆದೆ, ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ಎಳೆದೆ, ಆಗಲೂ ಇಲ್ಲ. ಮಳೆ ಸುರಿಯುತ್ತಲೇ ಇತ್ತು. ಕೆಲಸದವರು ಮೂಟೆಗಳನ್ನು ತಲೆ ಮೇಲೆ ಹೊತ್ತು ಆ ಜಾರಿಕೆಯಲ್ಲಿ ಮೇಲೆ ಸಾಗಿಸಿದರು. ಅವರನ್ನು ನೋಡಿ ನನಗೆ ತುಂಬಾ ಸಂಕಟವಾಯಿತು. ಗಾಡಿಯನ್ನು ಮಾರನೇ ದಿನ ಟ್ರ್ಯಾಕ್ಟರ್ ತಂದು ಎಳೆಸಿದೆವು.

ಮೆಕ್ಯಾನಿಕ್ ನನ್ನನ್ನೂ ಗಾಡಿ ಅಡಿಗೆ ಕರೆದು ಟಾರ್ಚ್ ಹಾಕಿ ತೋರಿಸಿದರು. ಲಿವರ್ ಬಂದು ಸೇರುವ ಜಾಯಿಂಟಿನ ಸುತ್ತ ಹಿಂದಿನ ಮಳೆಗಾಲದ ಕೆಂಪು ಮಣ್ಣು ಇಟ್ಟಿಗೆಯ ಹಾಗೆ ಒಣಗಿ ಕೂತಿತ್ತು. ಕೆರೆದರೆ ಒಳಗೆ ತುಕ್ಕು. ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸಿನ ಬೋಲ್ಟ್ ಬಿಚ್ಚಿದಾಗ ಇಳಿದ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣದ್ದು. ಹಳ್ಳ ದಾಟಿಸಿದ್ದಾಗ ನೀರು ಒಳಗೆ ಸೇರಿತ್ತು. ತಿಂಗಳಿಗೊಮ್ಮೆ ಲಿವರ್ ಹಾಕಿದ್ದರೆ ಅದು ಬಿಗಿಯಾಗುತ್ತಾ ಬಂದದ್ದು ಡಿಸೆಂಬರ್‌ನಲ್ಲೇ ಗೊತ್ತಾಗುತ್ತಿತ್ತು, ಅಲ್ವಾ?

ಹಾಕದೇ ಬಿಟ್ಟರೆ ಆಗುವುದು ಇಷ್ಟೇ: ಆಯಿಲ್ ತಳದಲ್ಲಿ ಕೂರುತ್ತದೆ, ಮೇಲಿನ ಗೇರು, ಬೇರಿಂಗು ಒಣಗುತ್ತವೆ, ರಬ್ಬರ್ ಸೀಲ್ ಗಟ್ಟಿಯಾಗಿ ಸೋರಲು ಶುರುವಾಗುತ್ತದೆ. ನಿಮ್ಮ ಗಾಡಿಯ ಮುಂದಿನ ಚಕ್ರದ ಮಧ್ಯೆ ಕೈಯಲ್ಲಿ ತಿರುಗಿಸಿ ಚಕ್ರವನ್ನು ಶಾಫ್ಟಿಗೆ ಜೋಡಿಸುವ ಹಬ್ ಇದ್ದರೆ ಇದು ಇನ್ನೂ ಜಾಸ್ತಿ. ಹಬ್ ಫ್ರೀ ಇದ್ದಷ್ಟು ದಿನ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಅಂಥ ಗಾಡಿಯಲ್ಲಿ ಲಿವರ್ ಹಾಕಿದರೆ ಸಾಲದು, ಇಳಿದು ಎರಡೂ ಹಬ್ ಲಾಕ್ ಮಾಡಬೇಕು. ಲಿವರ್ ಬದಲು ಗುಂಡಿ ಇರುವ ಗಾಡಿಗೂ ತಿಂಗಳ ಲೆಕ್ಕ ತಪ್ಪಿಸಬೇಡಿ, ಅದರ ಮೋಟಾರೂ ಸುಮ್ನೆ ಕೂತರೆ ಹಿಡಿದುಕೊಳ್ಳುತ್ತದೆ.

ಟಾರ್ ರೋಡ್ ಯಾಕೆ ಬೇಡ ಅಂತ ಹೇಳುತ್ತೇನೆ. ಇಂಥ ಗಾಡಿಯಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೋಗಬೇಕು. ಮಣ್ಣಿನಲ್ಲಿ ಟೈರ್ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರ್ ಜಾರಲು ಬಿಡುವುದಿಲ್ಲ, ಆ ತಿರುಚು ಪೂರ್ತಿ ಗೇರು ಶಾಫ್ಟಿನ ಮೇಲೆ ಬೀಳುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ಗಾಡಿ ತಡೆದು ತಡೆದು ಹೋಗುತ್ತದೆ, ಕೊನೆಗೆ ಲಿವರ್ ಟೂ ವೀಲ್‌ಗೆ ವಾಪಸ್ ಬರುವುದಿಲ್ಲ. ಹಾಗಾದರೆ ನೇರವಾಗಿ ಹತ್ತಡಿ ರಿವರ್ಸ್ ಹೋಗಿ, ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ಮಳೆ ಅಂದ ಕೂಡಲೇ ಚಾರ್ಮಾಡಿ ಘಾಟಿಯಲ್ಲಿ ಫೋರ್ ವೀಲ್ ಹಾಕಿಕೊಂಡು ಇಳಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆ ಟಾರಿಗೂ ಸಾಕಷ್ಟು ಹಿಡಿತ ಇರುತ್ತದೆ, ಅಲ್ಲಿರುವುದೋ ಬರೀ ಹಿಮ್ಮುರಿ ತಿರುವು. ಫೋರ್ ವೀಲ್ ಹಾಕಿದ್ದಕ್ಕೆ ಬ್ರೇಕ್ ಬೇಗ ಹಿಡಿಯುವುದೂ ಇಲ್ಲ. ಮುಂದಿನ, ಹಿಂದಿನ ಶಾಫ್ಟುಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಮಧ್ಯದಲ್ಲೂ ಇರುವ, ಸದಾ ನಾಲ್ಕೂ ಚಕ್ರಕ್ಕೆ ಎಳೆತ ಹೋಗುವ ಗಾಡಿಗಳ ಮಾತು ಬೇರೆ.

ತೋಟದೊಳಗೆ ಮಾತ್ರ ಲೆಕ್ಕ ಹಾಕುತ್ತಾ ಕೂರಬೇಡಿ. ಮಳೆಗಾಲದಲ್ಲಿ ಗೇಟು ದಾಟಿದ ಕೂಡಲೇ ಫೋರ್ ಹೈ (ನಾಲ್ಕೂ ಚಕ್ರ, ಮಾಮೂಲಿ ವೇಗ) ಹಾಕಿ. ಚಕ್ರ ಹೂತ ಮೇಲೆ ಹಾಕುವುದಕ್ಕಿಂತ ಕೆಸರಿಗೆ ಇಳಿಯುವ ಮೊದಲೇ ಹಾಕಿದ್ದರೆ ಗಾಡಿಗೂ ರಸ್ತೆಗೂ ಒಳ್ಳೆಯದು. ಕಡಿದಾದ ಇಳಿಜಾರಿಗೆ ಗಾಡಿ ನಿಲ್ಲಿಸಿ ಫೋರ್ ಲೋ (ನಾಲ್ಕೂ ಚಕ್ರ, ನಿಧಾನ ವೇಗ, ಹೆಚ್ಚು ಎಳೆತ) ಹಾಕಿ, ಒಂದನೇ ಗೇರಲ್ಲಿ ಬಿಡಿ. ಇಂಜಿನ್ನೇ ತಡೆದು ಇಳಿಸುತ್ತದೆ. ತಿಂಗಳ ಓಡಾಟದಲ್ಲೂ ಸ್ವಲ್ಪ ದೂರ ಲೋ ಹಾಕಿ ಓಡಿಸಿ.

ನಾಲ್ಕೂ ಟೈರ್ ಒಂದೇ ಅಳತೆ, ಹೆಚ್ಚುಕಮ್ಮಿ ಒಂದೇ ಸವೆತ ಇರಲಿ. ಎರಡು ಹೊಸತು ಎರಡು ಸವೆದದ್ದು ಹಾಕಿದರೆ ನೇರ ರಸ್ತೆಯಲ್ಲೂ ಅದೇ ತಿರುಚು ಬರುತ್ತದೆ.

ಆರು ತಿಂಗಳು ಸುಮ್ಮನಿದ್ದ ಗಾಡಿ, ಅದೂ ಬೇರೆಯವರ ಕೈಯಿಂದ ಬಂದದ್ದು. ಮೊದಲು ಟ್ರಾನ್ಸ್‌ಫರ್ ಕೇಸು, ಮುಂದಿನ ಆಕ್ಸಲ್ ಹೌಸಿಂಗು, ಹಿಂದಿನ ಆಕ್ಸಲ್ ಹೌಸಿಂಗು ಮೂರರ ಆಯಿಲ್ಲೂ ಬದಲಾಯಿಸಿ. ಇಳಿಯುವ ಆಯಿಲ್ಲಿನ ಬಣ್ಣ ನೀವೇ ನಿಂತು ನೋಡಿ. ಜಾಯಿಂಟುಗಳಿಗೆ ಗ್ರೀಸ್ ಹೊಡೆಸಿ. ಆಮೇಲೆ ತೋಟದ ಸಮತಟ್ಟಾದ ಜಾಗದಲ್ಲಿ ಲಿವರ್ ಹಾಕಿ ನೋಡಿ. ಗಟ್ಟಿ ಅನಿಸಿದರೆ ನನ್ನ ಹಾಗೆ ಎರಡು ಕೈಯಲ್ಲಿ ಎಳೆಯಬೇಡಿ. ಗೇರಿನ ಹಲ್ಲು ಹಲ್ಲಿಗೆ ತಾಗಿ ನಿಂತಿರಬಹುದು, ಗಾಡಿಯನ್ನು ಒಂದಡಿ ಮುಂದೆ ಉರುಳಿಸಿ ಮತ್ತೆ ಹಾಕಿ.