ದೆಹಲಿಯ ಸೀಸ್ ಗಂಜ್ ಗುರುದ್ವಾರಕ್ಕೆ ಸಿಖ್ಖರಲ್ಲದವರು ಹೋಗಬಹುದೇ? ಅಲ್ಲಿ ಏನನ್ನು ಗಮನಿಸಬೇಕು?

ಖಂಡಿತ ಹೋಗಬಹುದು; ಯಾವ ಮತದವರಿಗೂ ಅಲ್ಲಿ ಪ್ರವೇಶವಿದೆ. ಚಾಂದನಿ ಚೌಕದ ಗದ್ದಲದ ನಡುವೆಯೇ ಇರುವ ಈ ಸ್ಥಳದಲ್ಲಿ, 1675ರಲ್ಲಿ ಔರಂಗಜೇಬನ ಆಜ್ಞೆಯಂತೆ ಒಂಬತ್ತನೆಯ ಗುರು ತೇಗ್ ಬಹಾದೂರರ ಶಿರಚ್ಛೇದವಾಯಿತು. ಶಿಷ್ಯ ಭಾಯಿ ಜೈತಾ ಅವರು ಗುರುಗಳ ಶಿರಸ್ಸನ್ನು ಪಂಜಾಬಿನ ಆನಂದಪುರಕ್ಕೆ ಕೊಂಡೊಯ್ದರೆ, ವ್ಯಾಪಾರಿ ಲಖಿ ಶಾಹ ವಣಜಾರಾ ಅವರು ದೇಹವನ್ನು ತಮ್ಮ ಮನೆಯೊಳಗಿರಿಸಿ, ಯಾರಿಗೂ ಅನುಮಾನ ಬಾರದಂತೆ ಮನೆಗೇ ಬೆಂಕಿಯಿಟ್ಟು ಅಂತ್ಯಸಂಸ್ಕಾರ ಮಾಡಿದರೆಂದು ಸಿಖ್ ಪರಂಪರೆ ಹೇಳುತ್ತದೆ. ಆ ಜಾಗವೇ ಇಂದಿನ ರಕಾಬ್ ಗಂಜ್ ಗುರುದ್ವಾರ. ಇಷ್ಟನ್ನು ತಿಳಿದು ಹೋದರೆ ಸೀಸ್ ಗಂಜ್‌ನ ಕೀರ್ತನೆ ಬೇರೆಯೇ ರೀತಿ ಮನಸ್ಸಿಗೆ ತಟ್ಟುತ್ತದೆ. 1783ರಲ್ಲಿ ಸಿಖ್ ಸೇನಾನಾಯಕ ಬಘೇಲ್ ಸಿಂಗ್ ಇಲ್ಲಿ ಗುರುದ್ವಾರ ಕಟ್ಟಿಸಿದರು. ಗುರುಗಳ ಬಲಿದಾನಕ್ಕೆ ಸಾಕ್ಷಿಯಾದ ಆಲದ ಮರದ ಕಾಂಡವನ್ನು ಈಗಲೂ ಕಾಪಾಡಿಕೊಂಡು ಬರಲಾಗಿದೆ. ಅದನ್ನು ತಪ್ಪದೆ ನೋಡಿ.

ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಗಂಡಸರು ಹೆಂಗಸರೆನ್ನದೆ ಎಲ್ಲರೂ ತಲೆಗೆ ಬಟ್ಟೆ ಹೊದ್ದು ಒಳಗೆ ಹೋಗಬೇಕು. ಬೀಡಿ, ಸಿಗರೇಟು, ತಂಬಾಕು ಜೇಬಿನಲ್ಲಿಯೂ ಇರಬಾರದು. ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್‌ನ ಕಡೆಗೆ ಕಾಲು ಚಾಚದೆ ಕುಳಿತುಕೊಳ್ಳಿ. ತುಪ್ಪ ಜಿನುಗುವ ಬಿಸಿ ಗೋಧಿ ಹಲ್ವದ ಪ್ರಸಾದವನ್ನು ಎರಡೂ ಕೈ ಬೊಗಸೆ ಮಾಡಿ ಸ್ವೀಕರಿಸಿ, ಎಲ್ಲರಿಗೂ ಉಚಿತವಾಗಿ ಊಟ ಬಡಿಸುವ ಲಂಗರಿನಲ್ಲಿ ಪಂಕ್ತಿಯಲ್ಲಿ ಕುಳಿತು ಊಟ ಮಾಡಿಯೇ ಬನ್ನಿ.