ಚಳಿಗಾಲದಲ್ಲಿ, ಮನೆಯಂತೆ ವಾಸಿಸಬಹುದಾದ ವಾಹನವಾದ ಮೋಟರ್‌ಹೋಮ್‌ನೊಳಗೆ ಬಟ್ಟೆ ಬೇಗ ಒಣಗಿಸುವುದು ಹೇಗೆ?

ಬಿಸಿ ಎಷ್ಟಿದ್ದರೂ ತೇವ ಹೊರಗೆ ಹೋಗದಿದ್ದರೆ ಬಟ್ಟೆ ಒಣಗದು. ಕಿಟಕಿ, ಹಾಸಿಗೆಯ ಅಡಿಯೆಲ್ಲ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮೊದಲು ಬಟ್ಟೆಯನ್ನು ಹಿಂಡಿ, ಒಣ ಟವೆಲಿನಲ್ಲಿ ಸುರುಳಿ ಸುತ್ತಿ, ಮೊಣಕಾಲೂರಿ ಬಲವಾಗಿ ಒತ್ತಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ನೇತುಹಾಕಲು ಸ್ನಾನದ ಕೋಣೆಯೇ ಸರಿಯಾದ ಜಾಗ. ಅಡ್ಡಕೋಲಿಗೆ ಹ್ಯಾಂಗರ್ ಹಾಕಿ, ನಡುವೆ ನಾಲ್ಕು ಬೆರಳು ಅಂತರ ಬಿಡಿ. ಹೀಟರಿನ ಗಾಳಿ ಕೆಳಗಿನಿಂದ ಬರಲಿ, ಚಾವಣಿಯ ಕಿಂಡಿ 2–3 ಸೆಂ.ಮೀ. ತೆರೆದಿರಲಿ, ಬಾಗಿಲು ಮುಚ್ಚಿ. 12 ವೋಲ್ಟಿನ ಸಣ್ಣ ಫ್ಯಾನ್ ಇದ್ದರೆ ಇನ್ನೂ ಬೇಗ. ಜೀನ್ಸ್ ಮಾತ್ರ ಲಾಂಡ್ರಿಯ ಡ್ರೈಯರಿಗೇ ಕೊಡಿ.

ಅಡುಗೆಯ ಗ್ಯಾಸ್ ಒಲೆ ಹಚ್ಚಿ ಒಣಗಿಸಲೇಬೇಡಿ. ಒಲೆಯಲ್ಲಿ 1 ಕೆ.ಜಿ. ಪ್ರೊಪೇನ್ ಗ್ಯಾಸ್ ಉರಿದರೆ ಸುಮಾರು 1.6 ಕೆ.ಜಿ. ನೀರಾವಿ ಒಳಗೇ ಸೇರುತ್ತದೆ. ಜೊತೆಗೆ ಒಲೆಯಿಂದ ಬರಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಜೀವಕ್ಕೇ ಅಪಾಯ.